ಗೋಣಿತಟ್ಟು ಹೊದ್ದ ಸ್ಕೂಟರ್

ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ದುಡಿಯುವ ಕನ್ನಡಿಗರು ಊರಿಗೆ ಮರಳುವಾಗ ಸ್ಕೂಟರನ್ನೂ ರೈಲು ಹತ್ತಿಸುವುದುಂಟು. ಹಜ್ರತ್ ನಿಜಾಮುದ್ದೀನ್ ನಿಲ್ದಾಣದ ಪಾರ್ಸೆಲ್ ಕಚೇರಿಯ ಬಳಿ ಅದನ್ನು ಕಟ್ಟಿಕೊಡುವವರ ಕೈಚಳಕ ನನಗೆ ಬಲು ಮೆಚ್ಚುಗೆ. ಮೊದಲು ಟ್ಯಾಂಕಿನ ಪೆಟ್ರೋಲನ್ನು ಪೂರ್ತಿ ಬಸಿಯಬೇಕು. ರೈಲ್ವೆಯ ಕಟ್ಟುನಿಟ್ಟಿನ ನಿಯಮ. ಕನ್ನಡಿ ಬಿಚ್ಚಿ, ಹೆಡ್‌ಲೈಟಿಗೂ ಇಂಡಿಕೇಟರಿಗೂ ರಟ್ಟು, ಹುಲ್ಲು ಒತ್ತಿ, ಮೇಲೆ ಗೋಣಿತಟ್ಟು ಸುತ್ತುತ್ತಾರೆ. ದಬ್ಬಳ ಸರಸರ ಓಡುತ್ತದೆ. ಹ್ಯಾಂಡಲ್ಲಿನ ಬಳಿ ತಟ್ಟನ್ನು ಮಡಿಸುವ ಬಗೆ ನೋಡಬೇಕು: ಎಳೆದರೆ ಜಾರದು, ಆದರೂ ಹ್ಯಾಂಡಲ್ ತಿರುಗುತ್ತದೆ, ಚಕ್ರ ಉರುಳುತ್ತದೆ. ಉರುಳದಿದ್ದರೆ ಹಮಾಲರು ಪ್ಲಾಟ್‌ಫಾರ್ಮಿನುದ್ದಕ್ಕೂ ತಳ್ಳುವುದು ಹೇಗೆ? ಈ ಮುಂದಾಲೋಚನೆಯೇ ನಿಜವಾದ ಕಸುಬು. ಪ್ಲಾಸ್ಟಿಕ್ ಹೊದಿಕೆಗಿಂತ ಗೋಣಿಯೇ ಲೇಸು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹರಿದರೆ ನಿಂತಲ್ಲೇ ಹೊಲಿಯಬಹುದು.

ಟಿಕೆಟ್ ಇದ್ದವರು ತಮ್ಮದೇ ರೈಲಿನಲ್ಲಿ ಲಗೇಜಾಗಿ ಒಯ್ಯಬಹುದು, ಇಲ್ಲದವರದು ಪಾರ್ಸೆಲ್. ಆರ್‌ಸಿ, ಗುರುತಿನ ಚೀಟಿಗಳ ಪ್ರತಿ ಬೇಕು. ಇಲ್ಲಿಂದ ಯಶವಂತಪುರಕ್ಕೆ ಕರ್ನಾಟಕ ಸಂಪರ್ಕ ಕ್ರಾಂತಿ ಇದೆ, 2,000 ಕಿಲೋಮೀಟರಿಗೂ ಮಿಕ್ಕ ದಾರಿ. ಅಷ್ಟು ದೂರದ ಕುಲುಕಾಟವನ್ನು ಆ ಹೊಲಿಗೆ ತಾಳುತ್ತದೆ. ಇಳಿದ ಮೇಲೆ ದಾರ ಕತ್ತರಿಸಿ, ಕನ್ನಡಿ ಸಿಕ್ಕಿಸಿ, ಪೆಟ್ರೋಲು ಹಾಕಿಸಿದರೆ ಮನೆಗೆ ಅದರ ಮೇಲೆಯೇ ಹೋಗಬಹುದು.