ಬಾಳೆಕಂಬದ ತೊಡೆ, ಕೇರಿಯ ಕಾಲು

ಹಳ್ಳಿಯ ಹೈಸ್ಕೂಲಿನ ಕನ್ನಡ ಪೀರಿಯಡ್ಡು. ಮೇಷ್ಟ್ರು ಕಾವ್ಯದ ನಾಯಿಕೆಯನ್ನು ಮುಡಿಯಿಂದ ಅಡಿಯವರೆಗೆ ವರ್ಣಿಸುತ್ತ ಇಳಿಯುತ್ತಿದ್ದರು. ಚಂದ್ರನಂಥ ಮುಖ, ಸಿಂಹದಂಥ ನಡು, ಬಾಳೆಕಂಬದಂಥ ತೊಡೆ, ತಾವರೆಯಂಥ ಪಾದ. ನಾವು ಹಿಂದಿನ ಬೆಂಚಿನಲ್ಲಿದ್ದೆವು. ಮುಂದೆ ಕೂತಿದ್ದ ಕೇರಿಯ ಹುಡುಗಿಯೊಬ್ಬಳು, ನಾಟಿ ಶುರುವಾದರೆ ವಾರಗಟ್ಟಲೆ ಶಾಲೆಗೆ ಬಾರದವಳು, ಕೆಸರು ತಿಂದು ಬೆಳ್ಳಗಾಗಿದ್ದ ಕಾಲ್ಬೆರಳುಗಳನ್ನು ಮೆಲ್ಲಗೆ ಲಂಗದೊಳಕ್ಕೆ ಎಳೆದುಕೊಂಡಳು. ಮೇಷ್ಟ್ರು ಕೆಟ್ಟವರೇನಲ್ಲ. ‘ಉಪಮಾಲಂಕಾರ, ಗುರುತು ಹಾಕ್ಕೊಳ್ರೋ, ಪರೀಕ್ಷೆಗೆ ಬರ್ತದೆ’ ಅಂದರು. ನಾವೂ ಗುರುತು ಹಾಕಿಕೊಂಡೆವು. ಆ ಹುಡುಗಿಯ ಕಾಲು ಯಾವ ಅಲಂಕಾರಕ್ಕೆ ಸೇರುತ್ತದೆ ಅಂತ ಕೇಳಿಕೊಳ್ಳುವುದಕ್ಕೆ ನಮಗೆ ಹತ್ತಾರು ವರ್ಷ ಹಿಡಿಯಿತು.

ಈ ಬಾಳೆಕಂಬ ಯಾರೋ ಒಬ್ಬ ಕವಿಯ ಚಪಲ ಅಲ್ಲ. ಸಂಸ್ಕೃತದಲ್ಲಿ ಇದಕ್ಕೆ ವ್ಯಾಕರಣವೇ ಇದೆ. ಹೋಲಿಕೆಯ ಮಾತಿನ ಮುಂದೆ ‘ಊರು’, ಅಂದರೆ ತೊಡೆ, ಎಂಬ ಪದ ಬಂದಾಗ ಹೆಣ್ಣನ್ನು ಕರೆಯುವ ಶಬ್ದ ಹೇಗಾಗಬೇಕೆಂದು ಪಾಣಿನಿಯೇ ಸೂತ್ರ ಬರೆದಿಟ್ಟಿದ್ದಾನೆ. ರಂಭೋರು, ಕರಭೋರು, ವಾಮೋರು. ಹೆಸರು ಬೇಕಿಲ್ಲ, ತೊಡೆಯಿಂದಲೇ ಕೂಗಬಹುದು. ತೊಡೆಗಳು ಒಂದಕ್ಕೊಂದು ಕೂಡಿಕೊಂಡಿರುವವಳು ಎನ್ನುವುದಕ್ಕೂ ಪಕ್ಕದಲ್ಲೇ ಇನ್ನೊಂದು ಸೂತ್ರ ಉಂಟು. ಕಾಳಿದಾಸ ಜಾಣ. ಕುಮಾರಸಂಭವದ ಮೊದಲ ಸರ್ಗದಲ್ಲಿ ಪಾರ್ವತಿಯ ತೊಡೆಯ ಹತ್ತಿರ ಬಂದಾಗ, ಆನೆಯ ಸೊಂಡಿಲಿನ ಚರ್ಮ ಒರಟು, ಬಾಳೆಯೋ ಸದಾ ತಣ್ಣಗೆ, ಎರಡೂ ಹೊಂದುವುದಿಲ್ಲ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಹೋಲಿಕೆ ಸೋತದ್ದು ಗೊತ್ತಿದ್ದೂ ಆಮೇಲಿನ ಕವಿಗಳು ಅದನ್ನೇ ನೂರಾರು ವರ್ಷ ಹೊತ್ತರು. ಯಾಕೆ? ಬಾಳೆಕಂಬ ನಡೆಯುವುದಿಲ್ಲ, ಹೊರೆ ಹೊರುವುದಿಲ್ಲ, ಗದ್ದೆಗೆ ಇಳಿಯುವುದಿಲ್ಲ. ನಿಂತ ಜಾಗದಲ್ಲೇ ನಿಂತು ನೋಡಿಸಿಕೊಳ್ಳುತ್ತದೆ. ಅರಮನೆಯ ಕಣ್ಣಿಗೆ ದುಡಿಯದ ಕಾಲೇ ಚೆಲುವಿನ ಕಾಲು.

ಕಾಲಿನ ವಿಷಯದಲ್ಲಿ ಈ ದೇಶಕ್ಕೆ ಮೊದಲಿಂದಲೂ ಎರಡು ನಾಲಗೆ. ದೇವರ ಪಾದ ತೊಳೆದ ನೀರು ತೀರ್ಥ, ಗುರುವಿನ ಪಾದದ ಧೂಳು ಪಾವನ. ಆದರೆ ಋಗ್ವೇದದ 10ನೇ ಮಂಡಲದ ಪುರುಷಸೂಕ್ತ ತೊಡೆಯಿಂದ ವೈಶ್ಯನನ್ನೂ ಪಾದದಿಂದ ಶೂದ್ರನನ್ನೂ ಹುಟ್ಟಿಸಿದ ಮೇಲೆ ಆ ಪಾದದಿಂದ ಬಂದವರು ಕೀಳಾದರು. ನಮಗೋ ಆ ಪಾದದಲ್ಲೂ ಜಾಗ ಇರಲಿಲ್ಲ.

ಈಗ ಬಾಳೆಕಂಬ ಹಳತಾಯಿತು. 2012-13ರ ಸುಮಾರಿಗೆ ಅಮೆರಿಕ, ಇಂಗ್ಲೆಂಡುಗಳ ಹುಡುಗಿಯರಲ್ಲಿ ಒಂದು ಹೊಸ ಹುಚ್ಚು ಹಬ್ಬಿತು. ಕಾಲು ಜೋಡಿಸಿ ನಿಂತರೂ ಎರಡು ತೊಡೆಗಳ ನಡುವೆ ಸಂದು ಕಾಣಬೇಕಂತೆ. ಪಾಣಿನಿಯ ಕಾಲಕ್ಕೆ ಕೂಡಿದ್ದರೆ ಚೆಂದ, ಮಾರುಕಟ್ಟೆಯ ಕಾಲಕ್ಕೆ ಬಿಟ್ಟಿದ್ದರೆ ಚೆಂದ. ಅದಕ್ಕಾಗಿ ಊಟ ಬಿಟ್ಟವರಿದ್ದಾರೆ. ಆ ಸಂದು ಇರುವುದು ಬಿಡುವುದು ಬಹುಪಾಲು ಸೊಂಟದ ಮೂಳೆಯ ಅಗಲಕ್ಕೆ, ತೊಡೆಮೂಳೆ ಅಲ್ಲಿ ಕೂಡುವ ಕೋನಕ್ಕೆ ಸೇರಿದ ಮಾತು. ಉಪವಾಸಕ್ಕೆ ಮೂಳೆ ಸರಿಯುವುದಿಲ್ಲ. ಮೀನಖಂಡವೂ ಹಾಗೆಯೇ. ಓಡಿದರೆ, ಬೆಟ್ಟ ಹತ್ತಿದರೆ ದಪ್ಪವಾದೀತು. ಆದರೆ ಮಾಂಸಖಂಡ ಎಲ್ಲಿಗೆ ಮುಗಿದು ಹಿಮ್ಮಡಿಗೆ ಇಳಿಯುವ ರಜ್ಜು ಎಲ್ಲಿಂದ ಶುರು ಎನ್ನುವುದು ಹುಟ್ಟಿನಲ್ಲೇ ಬಂದದ್ದು.

ಕೊಬ್ಬು ಎಲ್ಲಿ ಕೂರಬೇಕು ಎನ್ನುವುದರಲ್ಲೂ ವಂಶದ ಕೈ ಇದೆ. ಕೆನಡಾದ ಕ್ಲಾಡ್ ಬೂಶಾರ್ ಮತ್ತು ಜೊತೆಯವರು 1990ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಒಂದೇ ತತ್ತಿಯಿಂದ ಹುಟ್ಟಿದ 12 ಜೋಡಿ ಅವಳಿ ತರುಣರಿಗೆ, 100 ದಿನಗಳಲ್ಲಿ 84 ದಿನ, ದಿನಕ್ಕೆ 1000 ಕ್ಯಾಲೊರಿ ಹೆಚ್ಚಾಗಿ ಉಣ್ಣಿಸಿದರು. ಒಬ್ಬ 4 ಕಿಲೋ ಏರಿದ, ಇನ್ನೊಬ್ಬ 13 ಕಿಲೋ ಏರಿದ. ಆದರೆ ಒಂದು ಜೋಡಿಯೊಳಗಿನ ಇಬ್ಬರು ಮಾತ್ರ ಎಷ್ಟು ಏರಿದರು, ಮೈಯ ಯಾವ ಭಾಗದಲ್ಲಿ ಏರಿದರು ಎನ್ನುವುದರಲ್ಲಿ ಬಹಳ ಹತ್ತಿರ ಹತ್ತಿರ ಇದ್ದರು. ಹದಿನೈದು ದಿನಕ್ಕೆ ತೊಡೆ ಇಳಿಸುತ್ತೇವೆ ಎನ್ನುವ ಜಾಹೀರಾತಿನವರು ಈ ಮಾತು ಹೇಳುವುದಿಲ್ಲ, ಹೇಳಿದರೆ ಅಂಗಡಿ ಮುಚ್ಚಬೇಕಾಗುತ್ತದೆ.

ಇಲ್ಲಿಯವರೆಗೆ ವಿಜ್ಞಾನ ನಮ್ಮ ಹೆಣ್ಣುಮಕ್ಕಳ ಕಡೆಗೇ ಇದೆ. ‘ನಿನ್ನ ತಪ್ಪಲ್ಲ ಕಣವ್ವ, ನಿಮ್ಮಜ್ಜಿ ಕಾಲು ಹಿಂಗೇ ಇದ್ದವು’ ಎಂಬ ಮಾತಿಗೆ ಅದು ಸಾಕ್ಷಿ ನುಡಿಯುತ್ತದೆ. ತೊಡಕು ಶುರುವಾಗುವುದು ಇದೇ ಮಾತು ಕೇರಿಗೆ ಕಾಲಿಟ್ಟಾಗ. ಪಟ್ಟಣದ ಹುಡುಗಿಗೆ ಸಮಾಧಾನವಾದದ್ದು ಇಲ್ಲಿ ತೀರ್ಪಾಗುತ್ತದೆ. ‘ಅವರ ಜನವೇ ಗಿಡ್ಡ, ಅವರ ಕಾಲೇ ಸೊಟ್ಟ, ರಕ್ತದಲ್ಲೇ ಹಂಗೆ.’ ಹಿಂದೆ ಪೂರ್ವಜನ್ಮದ ಕರ್ಮ ಎನ್ನುತ್ತಿದ್ದರು, ಈಗ ಜೀನು ಅನ್ನುತ್ತಾರೆ.

ಒಂದೇ ಚೀಲದ ರಾಗಿಯನ್ನು ಗೊಬ್ಬರದ ಹೊಲಕ್ಕೂ ಕಲ್ಲುಹೊಲಕ್ಕೂ ಎರಚಿ ನೋಡಿದ ರೈತನಿಗೆ ಈ ವಾದದ ಪೊಳ್ಳು ತಿಳಿಯುತ್ತದೆ. ಎತ್ತರದಲ್ಲಿ ಜನರ ನಡುವೆ ಇರುವ ವ್ಯತ್ಯಾಸದ ಶೇಕಡಾ 80ರಷ್ಟು ವಂಶವಾಹಿಯಿಂದ ಬಂದದ್ದು ಎನ್ನುತ್ತಾರಲ್ಲ, ಅದು ಹೊಟ್ಟೆ ತುಂಬಿದ ಸಮಾಜಗಳ ಲೆಕ್ಕ. ಜಪಾನಿನ ಮಕ್ಕಳನ್ನು ನೋಡಿ. 1957ರಿಂದ 1977ರವರೆಗಿನ ಇಪ್ಪತ್ತು ವರ್ಷಗಳ ಅಳತೆಗಳನ್ನು ಇಂಗ್ಲೆಂಡಿನ ಟ್ಯಾನರ್ ಮತ್ತು ಸಂಗಡಿಗರು 1982ರಲ್ಲಿ ಪರಿಶೀಲಿಸಿದರು. ಮಕ್ಕಳು ಎತ್ತರವಾಗಿದ್ದರು, ಮತ್ತು ಏರಿದ್ದು ಹೆಚ್ಚುಕಡಿಮೆ ಪೂರ್ತಿ ಕಾಲಿನಲ್ಲಿ. ಕೂತಾಗಿನ ಎತ್ತರ ಬಹುತೇಕ ಹಾಗೆಯೇ ಇತ್ತು. ಇಪ್ಪತ್ತು ವರ್ಷಕ್ಕೆ ರಕ್ತ ಬದಲಾಗುತ್ತದೆಯೇ? ಎಳೆತನದ ಹಸಿವು ಮೊದಲು ಕಾಲಿಗೇ ಬೀಳುತ್ತದೆ, ತುತ್ತು ಹೆಚ್ಚಾದರೆ ಮೊದಲು ಬೆಳೆಯುವುದೂ ಕಾಲೇ.

ಶಾಲೆಯ ಮೇಷ್ಟ್ರುಗಳಿಗೆ ಇದೇ ಜಾಗದಲ್ಲಿ ಒಂದು ಮಾತು. ಎರಡು ವರ್ಷದೊಳಗಿನ ಕೂಸಿನ ಕಾಲು ಬಿಲ್ಲಿನಂತಿರುವುದು, ಮೂರು ನಾಲ್ಕರಲ್ಲಿ ಮಂಡಿಗಳು ತಾಗುವುದು ಸಹಜ, ಆರೇಳರ ಹೊತ್ತಿಗೆ ನೆಟ್ಟಗಾಗುತ್ತದೆ. ಆಮೇಲೂ ಸೊಟ್ಟಗಿದ್ದರೆ ‘ಅವರ ಮನೆತನವೇ ಹಂಗೆ’ ಎಂದು ಬಿಡಬೇಡಿ. ಡಿ ವಿಟಮಿನ್ನು, ಸುಣ್ಣದಂಶ ಸಾಲದೆ ಮೂಳೆ ಬಾಗಿರಬಹುದು. ಪಾವಗಡದಂಥ ಕಡೆ ಬೋರಿನ ನೀರಿನ ಫ್ಲೋರೈಡೂ ಮೂಳೆಗೆ ಇಳಿಯುತ್ತದೆ. ಆಗ ನೋಡಬೇಕಾದ್ದು ನೀರನ್ನು, ಜಾತಿಯನ್ನಲ್ಲ.

ಹಾಗಂತ ಎಲ್ಲವೂ ನೀರು, ಎಲ್ಲವೂ ಅನ್ನ ಎಂದು ಕೈತೊಳೆದುಕೊಳ್ಳಲು ನಮಗೆ ಸಾಧ್ಯವಿಲ್ಲ. ಅದಕ್ಕೆ ಮಲೆನಾಡಿಗೆ ಹೋಗಬೇಕು. ಕನ್ನಡದಲ್ಲಿ ದುಡಿಯುವ ಕಾಲು ಮಹಾಕಾದಂಬರಿಯೊಳಕ್ಕೆ ನಡೆದು ಬಂದದ್ದೂ ಅಲ್ಲಿಂದಲೇ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೃತಿಯಲ್ಲಿ ಹೆಗ್ಗಡೆಯ ಹೊಲೆಯಾಳು ನಾಯಿಗುತ್ತಿ ತನ್ನ ಹುಲಿಯನ ಜೊತೆ ಕಾಡು ತುಳಿದುಕೊಂಡು ಓಡಾಡುತ್ತಾನೆ. ಅವನ ಕಾಲು ಹೇಗಿದ್ದವು ಅಂತ ಯಾವ ಉಪಮಾಲಂಕಾರವೂ ನಮ್ಮ ನೆನಪಿನಲ್ಲಿ ಉಳಿದಿಲ್ಲ, ಅವು ನಡೆದದ್ದು ಉಳಿದಿದೆ. ಆ ಪುಸ್ತಕ ಬಂದು ಹತ್ತು ವರ್ಷ ಆಗುವುದರೊಳಗೆ, 1975ರ ಹೊತ್ತಿಗೆ, ಅದೇ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಿಂದ ಸುದ್ದಿ ಹೊರಬಂತು. ಚನ್ನಂಗಿ, ಛಲವಾದಿ ಮನೆಗಳಲ್ಲಿ ಗದ್ದೆಗೆ ಹೋಗುತ್ತಿದ್ದವರಿಗೆ ಸೊಂಟದ ಕೀಲು ನೋವು, ಆಮೇಲೆ ಮಂಡಿ. ಕೆಲವರ ಬೆಳವಣಿಗೆಯೇ ಕುಂಠಿತ. ಕೆಲವರಿಗೆ ನಡೆಯುವುದೇ ಆಗದು. ಇವತ್ತಿಗೂ ಅದರ ಹೆಸರು ಹಂದಿಗೋಡು ಕಾಯಿಲೆ.

ಮೊದಲು ಎದ್ದ ಅನುಮಾನ ಕೀಟನಾಶಕದ ಮೇಲೆ. ಧಣಿಗಳ ಗದ್ದೆಗೆ ಹೊಡೆದ ವಿಷ, ಆ ಗದ್ದೆಯ ಏಡಿ, ಆ ಏಡಿ ತಿಂದ ಬಡವರು. ಗೆಳೆಯರೇ, ಮುಚ್ಚಿಡುವುದು ಬೇಡ, ನಮಗೆ ಈ ಕಥೆಯೇ ನಿಜವಾಗಬೇಕಿತ್ತು. ಅದರಲ್ಲಿ ಶತ್ರು ಎದುರಿಗೆ ಕಾಣುತ್ತಿದ್ದ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1970ರ ದಶಕದಲ್ಲೇ ಕುಟುಂಬ ಕುಟುಂಬ ನೋಡಿ ಇದು ವಂಶದಲ್ಲಿ ಇಳಿಯುವ ಬೇನೆ ಎಂದರು, ಮುಂದಿನ ಅಧ್ಯಯನಗಳೂ ಅದನ್ನೇ ಹೇಳಿದವು. ಪ್ರಬಲ ಗುಣ, ತಾಯಿ ತಂದೆಯಲ್ಲಿ ಒಬ್ಬರಿಂದ ಬಂದರೂ ಸಾಕು. ಇದನ್ನು ನಾವು ಒಪ್ಪಬೇಕು. ನಮ್ಮ ಸಿಟ್ಟಿಗೆ ಅನುಕೂಲವಾಗುವ ಕಾರಣವೇ ನಿಜವಾದ ಕಾರಣ ಆಗಿರಬೇಕಿಲ್ಲ.

ಒಪ್ಪಿದ ಮೇಲೆ ಮುಂದಿನ ಪ್ರಶ್ನೆ. ಪಕ್ಕದ ಮನೆಗೆ ಹೋಗದೆ ಈ ಬೇನೆ ಎರಡೇ ಸಮುದಾಯಗಳಲ್ಲಿ ಉಳಿದದ್ದು ಹೇಗೆ? 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ಓದಿದ ಪ್ರಬಂಧದಲ್ಲಿ ಉತ್ತರ ಇದೆ. ಒಳಮದುವೆಯೇ ಜಾತಿಯ ಜೀವಾಳ ಎಂದರು ಅವರು. ಹೊರಗೆ ಹೆಣ್ಣು ಕೊಡಬೇಡ, ಹೊರಗಿನಿಂದ ತರಬೇಡ ಎಂದು ಬೇಲಿ ಹಾಕಿದರೆ ಆಸ್ತಿ ಒಳಗೇ ಇರುವಂತೆ ಬೇನೆಯೂ ಒಳಗೇ ಇರುತ್ತದೆ. ಕೇರಿಗಂತೂ ಆಸ್ತಿ ಇರಲಿಲ್ಲ. ಮೇಲಿನವರಿಗೂ ಈ ಕಟ್ಟು ತಪ್ಪಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಒಂದು ಮದ್ದು ಆರ್ಯವೈಶ್ಯರಲ್ಲಿ ಕೆಲವರಿಗೆ ಬೇಗ ಇಳಿಯುವುದಿಲ್ಲ, ಅದೂ ವಂಶದಲ್ಲೇ ಬಂದದ್ದು. ತೊಡೆಯಿಂದ ಹುಟ್ಟಿದವರ ಪಾಪ ಇದು ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಮುಂಚೆಯೇ ವಿಚಾರಿಸಿ ಮದ್ದು ಬದಲಿಸುತ್ತಾರೆ, ಅಷ್ಟೆ. ಹಂದಿಗೋಡಿನವರಿಗೂ ಬೇಕಾದ್ದು ಅಂಥದೇ ಸಾದಾ ಮಾತು: ಹುಟ್ಟಿದ ಕೂಸಿನ ತಪಾಸಣೆ, ಆಗುವವರಿಗೆ ಸೊಂಟದ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ, ನಡೆಯಲಾರದವರ ಮನೆಬಾಗಿಲಿಗೆ ಪಡಿತರ. ರಕ್ತದ ಮಾತು ಎತ್ತಿ ಇಷ್ಟನ್ನೂ ಮಾಡದೆ ಉಳಿದರೆ ಅದು ವಿಜ್ಞಾನದ ತಪ್ಪಲ್ಲ.

ಪದ್ಯವನ್ನು ಪಠ್ಯದಿಂದ ಕಿತ್ತುಹಾಕಿ ಎಂದು ನಾವು ಕೇಳುವವರಲ್ಲ. ಪಾಠ ಮಾಡಿ, ಅಲಂಕಾರವನ್ನೂ ಹೇಳಿಕೊಡಿ. ಆಮೇಲೆ ಹುಡುಗರಿಗೆ ಒಂದು ಮನೆಗೆಲಸ ಕೊಡಿ: ತಮ್ಮ ತಾಯಿಯ ಕಾಲು ಬೆಳಗಿನಿಂದ ರಾತ್ರಿಯವರೆಗೆ ಎಲ್ಲೆಲ್ಲಿ ನಿಂತವು ಎಂದು ಬರೆದುಕೊಂಡು ಬರಲಿ. ಉತ್ತರ ಒಂದು ಪುಟಕ್ಕೆ ಮುಗಿಯದಿದ್ದರೆ ಇನ್ನೊಂದು ಹಾಳೆ ಕೊಡಿ.