ತೋರಿಸಿದ ದರ, ತೆತ್ತ ದರ

ವಿಮಾನದ ಟಿಕೆಟ್ ದರ ಒಂದೇ ದಿನದಲ್ಲಿ ನಾಲ್ಕಾರು ಸಲ ಏರಿಳಿಯುವುದನ್ನು ನಾನು ಅನ್ಯಾಯ ಎನ್ನುವುದಿಲ್ಲ. ಹಾರಿಹೋದ ವಿಮಾನದ ಖಾಲಿ ಸೀಟನ್ನು ಮರುದಿನ ಮಾರಲು ಬರುವುದಿಲ್ಲ. ಮುಂಚೆ ಕೊಂಡವರಿಗೆ ಅಗ್ಗವಾಗಿ, ತಡವಾಗಿ ಬಂದವರಿಗೆ ತುಟ್ಟಿಯಾಗಿ ಮಾರುವುದಕ್ಕೆ ವ್ಯಾಪಾರದ ಕಾರಣವಿದೆ. ನನ್ನ ತಕರಾರು ಬೇರೆ. ಪರದೆಯ ಮೇಲೆ ತಾವೇ ತೋರಿಸಿದ ದರಕ್ಕೆ ಮಾರುವವರು ಹತ್ತು ನಿಮಿಷವೂ ಬದ್ಧರಾಗಿರುವುದಿಲ್ಲ. ಹೆಸರು, ವಯಸ್ಸು, ಮೊಬೈಲ್ ಸಂಖ್ಯೆ ತುಂಬಿ, ವಿಮೆ ಬೇಡ, ಊಟ ಬೇಡ, ಕಿಟಕಿ ಪಕ್ಕದ ಸೀಟೂ ಬೇಡ ಎಂದು ಒಂದೊಂದನ್ನೇ ದಾಟಿ ಹಣ ಕಟ್ಟುವ ಪುಟಕ್ಕೆ ಬಂದಾಗ ದರ ಬದಲಾಗಿದೆ ಎಂಬ ಸೂಚನೆ ಎದುರಾಗುತ್ತದೆ. ಒಪ್ಪಿಕೊಳ್ಳಬೇಕು, ಇಲ್ಲವೇ ಮತ್ತೆ ಮೊದಲಿನಿಂದ ಹುಡುಕಬೇಕು.

ಈ ಪದ್ಧತಿಯ ಬೇರು ಹಳೆಯದು. 1972ರಲ್ಲಿ ಬ್ರಿಟಿಷ್ ವಿಮಾನ ಸಂಸ್ಥೆ ಬಿಒಎಸಿಯ ಕೆನ್ ಲಿಟಲ್‌ವುಡ್ ಒಂದು ಸೂತ್ರ ಕೊಟ್ಟರು: ಈಗ ಅಗ್ಗಕ್ಕೆ ಮಾರಿದರೆ ಸಿಗುವ ಹಣ, ಮುಂದೆ ಪೂರ್ತಿ ದರ ಕೊಡುವವರಿಂದ ಬರಬಹುದಾದ ಹಣಕ್ಕಿಂತ ಹೆಚ್ಚಿರುವ ತನಕ ಮಾತ್ರ ಅಗ್ಗಕ್ಕೆ ಮಾರಿ. ಅಮೆರಿಕ 1978ರಲ್ಲಿ ವಿಮಾನ ದರಗಳ ಮೇಲಿನ ಸರ್ಕಾರಿ ಹಿಡಿತ ತೆಗೆದ ಮೇಲೆ ಅಮೆರಿಕನ್ ಏರ್‌ಲೈನ್ಸ್‌ನ ರಾಬರ್ಟ್ ಕ್ರ್ಯಾಂಡಲ್ ಈ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಿ ಆಯುಧ ಮಾಡಿಕೊಂಡರು. 1985ರಲ್ಲಿ ಮುಂಗಡ ಕೊಳ್ಳುವವರಿಗೆ ಭಾರೀ ರಿಯಾಯಿತಿ ಘೋಷಿಸಿದರು. ಕೊನೆಗಳಿಗೆಯಲ್ಲಿ ಬರುವ ವ್ಯವಹಾರಸ್ಥರಿಗೆ ದುಬಾರಿ ಸೀಟು ಕಾದಿರಿಸಿದರು. ಅಗ್ಗದ ದರದಿಂದಲೇ ಹೆಸರು ಮಾಡಿದ್ದ ಪೀಪಲ್ ಎಕ್ಸ್‌ಪ್ರೆಸ್ ಈ ಪೈಪೋಟಿಯಲ್ಲಿ ನಲುಗಿ 1987ರಲ್ಲಿ ಕಾಂಟಿನೆಂಟಲ್ ಸಂಸ್ಥೆಯೊಳಗೆ ಕರಗಿಹೋಯಿತು.

ಇಂದು ನಾವು ಕೊಳ್ಳುವ ಟಿಕೆಟ್ಟಿನ ಹಿಂದೆಯೂ ಇದೇ ಲೆಕ್ಕವಿದೆ. ಒಂದೇ ಇಕಾನಮಿ ಕ್ಯಾಬಿನ್ನಿನ ಸೀಟುಗಳನ್ನು ಹಲವು ದರಗಳ ಗುಂಪುಗಳಾಗಿ ಹಂಚಿರುತ್ತಾರೆ; ಟಿಕೆಟ್ ಏಜೆಂಟರ ಬಾಯಲ್ಲಿ ಇವು ಬಕೆಟ್‌ಗಳು. ಕೆಳಗಿನ ಬಕೆಟ್ ಖಾಲಿಯಾದರೆ ಮೇಲಿನದು ತೆರೆಯುತ್ತದೆ. ಇದರ ಪೆಟ್ಟು ಹೆಚ್ಚು ಬೀಳುವುದು ಕುಟುಂಬಗಳಿಗೆ. ಉದಾಹರಣೆಗೆ ₹4,500ರ ಬಕೆಟ್‌ನಲ್ಲಿ ಎರಡೇ ಸೀಟು ಉಳಿದಿದ್ದು, ಮುಂದಿನದು ₹5,800 ಇದೆ ಎನ್ನಿ. ನಾಲ್ವರಿಗೆ ಒಟ್ಟಿಗೆ ಹುಡುಕಿದರೆ ಬಹಳಷ್ಟು ವ್ಯವಸ್ಥೆಗಳು ನಾಲ್ವರನ್ನೂ ಮೇಲಿನ ದರಕ್ಕೇ ಏರಿಸುತ್ತವೆ: ಒಟ್ಟು ₹23,200. ಇಬ್ಬಿಬ್ಬರಾಗಿ ಕೊಂಡರೆ ₹20,600. ಈ ₹2,600ರ ವ್ಯತ್ಯಾಸವನ್ನು ಪರದೆ ಹೇಳುವುದೇ ಇಲ್ಲ. ಬೇಸಿಗೆಯ ಶಾಲಾ ರಜೆಯಲ್ಲಿ ದುಬೈ, ಕುವೈತ್, ದಮ್ಮಾಮ್‌ಗಳಿಂದ ಮಂಗಳೂರಿಗೆ ಮಕ್ಕಳೊಂದಿಗೆ ಬರುವ ಕರಾವಳಿಯ ಸಂಸಾರಗಳನ್ನು ನೆನೆಯಿರಿ. ರಜೆಯ ದಿನಾಂಕ ಅವರ ಕೈಯಲ್ಲಿಲ್ಲ. ಶಾಲೆ ಮುಚ್ಚಿದಾಗಲೇ ಎಲ್ಲರೂ ಹೊರಡಬೇಕು. ಹಾಗೆ ಹೊರಟವರಿಗೆ ಕೆಳಗಿನ ಬಕೆಟ್ ಸಿಗುವುದು ಅಪರೂಪ. ಸಿಕ್ಕರೂ ಅದರಲ್ಲಿ ಎಷ್ಟು ಸೀಟಿದೆಯೆಂದು ಖಚಿತವಾಗಿ ತಿಳಿಯುವ ದಾರಿಯಿಲ್ಲ.

ಕ್ಷಣದಲ್ಲಿ ದರ ಜಿಗಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಟಿಕೆಟ್ ಮಾರುವ ತಾಣಗಳು ಪ್ರತಿ ಹುಡುಕಾಟಕ್ಕೂ ವಿಮಾನ ಸಂಸ್ಥೆಯ ಕಂಪ್ಯೂಟರನ್ನು ಕೇಳುವುದಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ಸಿಕ್ಕ ದರವನ್ನು ಉಳಿಸಿಟ್ಟುಕೊಂಡು ಅದನ್ನೇ ತೋರಿಸುತ್ತವೆ; ಹಣ ಕಟ್ಟುವ ಹಂತದಲ್ಲಿ ಮಾತ್ರ ನಿಜವಾದ ದರ ವಿಚಾರಿಸುತ್ತವೆ. ಪದೇಪದೇ ಹುಡುಕಿದರೆ ನಮ್ಮನ್ನು ಗುರುತಿಟ್ಟುಕೊಂಡು ದರ ಏರಿಸುತ್ತಾರೆ ಎಂಬ ನಂಬಿಕೆ ವ್ಯಾಪಕವಾಗಿದೆ. ಬಕೆಟ್ ಖಾಲಿಯಾಗುವುದು, ಹಳಸಿದ ದರ ತೋರಿಸುವುದು ಇವೆರಡೇ ಆ ಅನುಭವಕ್ಕೆ ಸಾಕಷ್ಟು ವಿವರಣೆ ಕೊಡುತ್ತವೆ. ಆದರೂ ಅನುಮಾನಪಡುವವರನ್ನು ನಾನು ದೂರುವುದಿಲ್ಲ. 2025ರಲ್ಲಿ ಅಮೆರಿಕದ ಡೆಲ್ಟಾ ವಿಮಾನ ಸಂಸ್ಥೆ ದರ ನಿಗದಿಗೆ ಕೃತಕ ಬುದ್ಧಿಮತ್ತೆಯ ಬಳಕೆ ಹೆಚ್ಚಿಸುವುದಾಗಿ ಹೇಳಿದಾಗ ಅಲ್ಲಿನ ಸೆನೆಟರುಗಳೇ ವಿವರಣೆ ಕೇಳಿದರು. ವ್ಯಕ್ತಿಯನ್ನು ನೋಡಿ ದರ ಹಾಕುವುದಿಲ್ಲ ಎಂದು ಸಂಸ್ಥೆ ಸ್ಪಷ್ಟನೆ ಕೊಡಬೇಕಾಯಿತು. ನಿಯಮವನ್ನು ಬಚ್ಚಿಟ್ಟವರೇ ಈ ಅನುಮಾನಕ್ಕೆ ಹೊಣೆ.

ದರ ಏರುವ ನಿಯಮವನ್ನು ಬಹಿರಂಗವಾಗಿಡಲು ಸಾಧ್ಯವೇ ಇಲ್ಲವೆಂದೇನೂ ಅಲ್ಲ. ನಮ್ಮ ರೈಲ್ವೆ 2016ರ ಸೆಪ್ಟೆಂಬರಿನಲ್ಲಿ ರಾಜಧಾನಿ, ಶತಾಬ್ದಿ, ದುರಂತೊ ರೈಲುಗಳಿಗೆ ಫ್ಲೆಕ್ಸಿ ದರ ತಂದಿತು: ಪ್ರತಿ ಶೇ 10ರಷ್ಟು ಸೀಟು ಮಾರಾಟವಾದಂತೆ ಮೂಲ ದರ ಶೇ 10ರಷ್ಟು ಏರುತ್ತಿತ್ತು, ಹೆಚ್ಚೆಂದರೆ ಒಂದೂವರೆ ಪಟ್ಟು. ದುಬಾರಿಯಾಯಿತೆಂದು ಜನ ಸಿಟ್ಟಾದರು, ಅದು ಬೇರೆ ಮಾತು. ಆದರೆ ಹೇಗೆ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಶಿರಸಿಯ ಅಡಿಕೆ ಪೇಟೆಯಲ್ಲೂ ಧಾರಣೆ ದಿನದಿನಕ್ಕೆ ಏರಿಳಿಯುತ್ತದೆ. ಟೆಂಡರಿನಲ್ಲಿ ವ್ಯಾಪಾರಿ ಬರೆದ ದರವನ್ನು ಬೆಳೆಗಾರ ಒಪ್ಪಿದ ಮೇಲೆ ತೂಕದ ಹೊತ್ತಿಗೆ ಅದು ಬೇರೆಯಾದರೆ ಪೇಟೆಯೇ ನಡೆಯದು.

ವಿಮಾನದ ವಿಷಯದಲ್ಲಿ ಕಾನೂನು ಇದೆ, ಹಲ್ಲಿಲ್ಲ. 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾದ ಮೇಲೆ ದರ ನಿಗದಿ ಸಂಸ್ಥೆಗಳ ಕೈಗೆ ಬಂತು. 1937ರ ವಿಮಾನ ನಿಯಮಗಳ 135ನೇ ನಿಯಮದ ಪ್ರಕಾರ ದರ ಹಾಕುವಾಗ ವೆಚ್ಚ, ಸೇವೆಯ ಸ್ವರೂಪ, ನ್ಯಾಯವಾದ ಲಾಭ ಮತ್ತು ಚಾಲ್ತಿಯಲ್ಲಿರುವ ದರಗಳನ್ನು ಗಮನಿಸಬೇಕು. ಎಲ್ಲರೂ ಒಬ್ಬರನ್ನೊಬ್ಬರು ನೋಡಿ ಏರಿಸಿದರೆ ಏರಿದ್ದೇ ಚಾಲ್ತಿ ದರವಾಗುತ್ತದೆ. ನ್ಯಾಯವಾದ ಲಾಭ ಎಷ್ಟೆಂದು ನಿಯಮ ಹೇಳುವುದಿಲ್ಲ. ಸಂಸ್ಥೆಗಳು ಮಾರ್ಗವಾರು ದರಪಟ್ಟಿ ಪ್ರಕಟಿಸುತ್ತವೆ. ಅದರಲ್ಲಿ ಅತಿ ಕಡಿಮೆಯಿಂದ ಅತಿ ಹೆಚ್ಚಿನವರೆಗೆ ಮೆಟ್ಟಿಲುಗಳಿರುತ್ತವೆ, ಯಾವ ಮೆಟ್ಟಿಲಿನಲ್ಲಿ ಎಷ್ಟು ಸೀಟೆಂಬುದು ಇರುವುದಿಲ್ಲ. ಪ್ರಯಾಣಿಕರಿಗೆ ಬೇಕಾದದ್ದು ಅದೇ.

ನನಗೆ ಎಲ್ಲಕ್ಕಿಂತ ನೋವು ಕೊಡುವುದು ಕೊನೆಗಳಿಗೆಯ ದರ. ತಡವಾಗಿ ಬಂದವರ ಟಿಕೆಟ್ಟಿಗೆ ಅವರ ಕಂಪನಿ ಹಣ ಕೊಡುತ್ತದೆ ಎಂಬುದು ಈ ಲೆಕ್ಕದ ಹಳೆಯ ಊಹೆ. ನಾಳೆ ಬೆಳಗ್ಗೆಯೇ ಹೊರಡಬೇಕೆಂದು ರಾತ್ರಿ ಹನ್ನೊಂದಕ್ಕೆ ಟಿಕೆಟ್ ಹುಡುಕುವವರಲ್ಲಿ ತಂದೆಯನ್ನು ಐಸಿಯುಗೆ ಸೇರಿಸಿದ್ದಾರೆಂದು ಫೋನ್ ಬಂದವರೂ, ಅಂತ್ಯಸಂಸ್ಕಾರಕ್ಕೆ ಮುಟ್ಟಬೇಕಾದವರೂ ಇರುತ್ತಾರೆ. ಅವರ ಅವಸರವನ್ನು ಕಂಪ್ಯೂಟರು ಕೊಡುವ ಶಕ್ತಿ ಎಂದು ಓದುತ್ತದೆ. ಏರ್ ಕೆನಡಾದಂಥ ಸಂಸ್ಥೆಗಳು ಹತ್ತಿರದವರ ಸಾವಿನ ಸಂದರ್ಭದ ಪ್ರಯಾಣಕ್ಕೆ ಪ್ರತ್ಯೇಕ ದರ ಇಟ್ಟಿವೆ. ಹಾಗಾಗಿ ಈ ಲೆಕ್ಕಕ್ಕೆ ಕರುಣೆ ಸೇರಿಸಲು ಬರುವುದಿಲ್ಲ ಎಂಬ ವಾದವನ್ನು ನಾನು ಒಪ್ಪಲಾರೆ.

ಸರ್ಕಾರ ಬೇಕೆಂದಾಗ ಕೈ ಹಾಕಿದೆ. 2025ರ ಡಿಸೆಂಬರಿನಲ್ಲಿ ಇಂಡಿಗೋದ ಹಾರಾಟಗಳು ಸಾಲುಸಾಲಾಗಿ ರದ್ದಾಗಿ ದರಗಳು ಮುಗಿಲು ಮುಟ್ಟಿದಾಗ 500 ಕಿ.ಮೀ.ವರೆಗೆ ₹7,500, 1,500 ಕಿ.ಮೀ. ಮೀರಿದರೆ ₹18,000 ಎಂಬಂತೆ ಮಿತಿ ಹೇರಿತು. ಸಂಕಟದ ದಿನಗಳಿಗೆ ಅದು ಸರಿ. ಶಾಶ್ವತ ಮಿತಿಯಲ್ಲಿ ನನಗೆ ನಂಬಿಕೆಯಿಲ್ಲ. ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಿಂದ 2022ರ ಆಗಸ್ಟ್‌ವರೆಗೆ ಇದ್ದ ವ್ಯವಸ್ಥೆಯಲ್ಲಿ ಗರಿಷ್ಠದ ಜೊತೆ ಕನಿಷ್ಠ ದರವನ್ನೂ ಕಟ್ಟಿದ್ದರಿಂದ ಅಗ್ಗದ ಟಿಕೆಟ್ಟೂ ಇಲ್ಲವಾಗಿತ್ತು.

ಮೊದಲು ಆಗಬೇಕಾದದ್ದು ಸರಳವಾದದ್ದು. ಸಿನಿಮಾ ಟಿಕೆಟ್ಟಿನ, ಬಸ್ ಟಿಕೆಟ್ಟಿನ ತಾಣಗಳು ನಾವು ಹಣ ಕಟ್ಟುವ ಕೆಲ ನಿಮಿಷ ಸೀಟನ್ನು ನಮಗಾಗಿ ಹಿಡಿದಿಡುತ್ತವೆ. ವಿಮಾನದ ದರವನ್ನೂ ಹಾಗೆ ಹಿಡಿದಿಡಲಿ. ಮೊದಲ ಪುಟದಲ್ಲೇ ತೆರಿಗೆ, ಶುಲ್ಕ ಸೇರಿದ ಪೂರ್ತಿ ಮೊತ್ತ ಕಾಣಲಿ. ಯುರೋಪಿನಲ್ಲಿ 2008ರ ನಿಯಮದಿಂದಲೇ ಇದು ಕಡ್ಡಾಯ. ನಮ್ಮಲ್ಲಿಯೂ 2023ರ ನವೆಂಬರಿನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ನಿಷೇಧಿಸಿದ 13 ಬಗೆಯ ವಂಚಕ ವಿನ್ಯಾಸಗಳಲ್ಲಿ ಸುಳ್ಳು ಅವಸರ ಹುಟ್ಟಿಸುವುದೂ, ದರವನ್ನು ತುಸುತುಸುವೇ ಬಿಚ್ಚುವುದೂ ಸೇರಿವೆ. ಆದರೂ ಕನ್ವೀನಿಯೆನ್ಸ್ ಶುಲ್ಕ ಕೊನೆಯ ಪುಟದಲ್ಲಿ ತಲೆಯೆತ್ತುವುದು ನಿಂತಿಲ್ಲ. ಕೊಂಡ 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡುವ ಅವಕಾಶವನ್ನು ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮ ಕೊಟ್ಟಿತ್ತು. 2025ರ ನವೆಂಬರಿನ ಕರಡು ಅದನ್ನು 48 ಗಂಟೆಗೆ ಹಿಗ್ಗಿಸಲು ಹೊರಟಿತು. ಆದರೆ 24 ಗಂಟೆಯ ನಿಯಮ ಪ್ರಯಾಣಕ್ಕೆ ಏಳು ದಿನಕ್ಕಿಂತ ಕಡಿಮೆ ಉಳಿದಿದ್ದರೆ ಅನ್ವಯಿಸುತ್ತಿರಲಿಲ್ಲ. ಕರಡಿನಲ್ಲೂ ದಿನ ಹತ್ತಿರವಾದವರನ್ನು ಹೊರಗಿಟ್ಟಿದ್ದರು. ಐಸಿಯುವಿನಿಂದ ಫೋನ್ ಬಂದವರಿಗೆ ಎರಡರಲ್ಲೂ ಜಾಗವಿರಲಿಲ್ಲ.