ಮೊದಲು ಕಡಲ ತಳ, ಆಮೇಲೆ ದಾರ

ಗಾಳದ ಅಂಗಡಿಯಲ್ಲಿ ಬ್ರೇಡ್ ಕೇಳದವರನ್ನು ಈಗ ಹಳೆಕಾಲದವರ ಪಟ್ಟಿಗೆ ಸೇರಿಸಿಬಿಡುತ್ತಾರೆ. ಒಂಟಿ ಎಳೆಯ ನೈಲಾನ್ ದಾರ, ಅಂದರೆ ಮೋನೋ, ಕಲಿಯುವವರಿಗಂತೆ. ನಾಲ್ಕೋ ಎಂಟೋ ಎಳೆ ಹೆಣೆದ ಬ್ರೇಡ್ ಬಲ್ಲವರಿಗಂತೆ. ಈ ಮೇಲು-ಕೀಳಿನ ಲೆಕ್ಕವೇ ನನಗೆ ಒಪ್ಪಿಗೆಯಿಲ್ಲ. ದಡದಲ್ಲಿ ನಿಂತು ತೆರೆಯಾಚೆಗೆ ಎಸೆಯುವವರು ದಾರ ಆರಿಸುವ ಮೊದಲು ನೋಡಬೇಕಾದ್ದು ಒಂದೇ: ಕಾಲಬುಡದಿಂದ ಸೀಸ ಬೀಳುವ ಜಾಗದವರೆಗೆ ನೀರಿನಡಿ ಏನಿದೆ? ಮರಳಿದ್ದರೆ ಬ್ರೇಡ್, ಕಲ್ಲಿದ್ದರೆ ಮೋನೋ. ಮೀನು ಎಷ್ಟು ದೊಡ್ಡದೆಂಬುದು ಆಮೇಲಿನ ಮಾತು.

ಮಲ್ಪೆಯಂಥ ಮರಳು ದಡದಲ್ಲಿ ಬ್ರೇಡ್ ಗೆಲ್ಲುವುದು ತನ್ನ ಸಪೂರ ಮೈಯಿಂದ. 20 ಪೌಂಡ್, ಎಂದರೆ ಸುಮಾರು 9 ಕಿಲೋ ತಾಳುವ ಮೋನೋ ಹೆಚ್ಚುಕಡಿಮೆ 0.45 ಮಿ.ಮೀ. ದಪ್ಪ; ಅಷ್ಟೇ ತಾಳುವ ಬ್ರೇಡ್ 0.23ರ ಆಸುಪಾಸು. ದಪ್ಪ ಅರ್ಧಕ್ಕಿಳಿದರೆ ದಡದಗುಂಟ ಹರಿಯುವ ಸೆಳೆತದ ಕೈಗೆ ಸಿಗುವ ಮೈಯೂ ಅರ್ಧ. ಮೋನೋ ಬಿಲ್ಲಿನಂತೆ ಬಾಗಿ ಸೀಸವನ್ನು ಪಕ್ಕಕ್ಕೆ ಎಳೆದೊಯ್ಯುವ ದಿನವೂ ಬ್ರೇಡಿಗೆ ಕಟ್ಟಿದ ಸೀಸ ಬಿದ್ದ ಜಾಗ ಬಿಟ್ಟು ಅಷ್ಟಾಗಿ ಕದಲುವುದಿಲ್ಲ. ಇನ್ನು ಹಿಗ್ಗುವ ಗುಣ. ನೈಲಾನ್ ತುಂಡಾಗುವ ಮೊದಲು ತನ್ನ ಉದ್ದದ ಐದರಲ್ಲೊಂದು ಪಾಲಿನಷ್ಟು ಹಿಗ್ಗಬಲ್ಲದು. ಬ್ರೇಡಿನ ಪಾಲಿಥಿಲೀನ್ ನೂಲು ನೂರಕ್ಕೆ ನಾಲ್ಕೈದು ಪಾಲು ಹಿಗ್ಗಿದರೆ ಹೆಚ್ಚು. ಕಾಣೆ ಮೀನಿನ ಬಾಯಿ ಪುಟ್ಟದು, ಅದು ಕಚ್ಚುವುದೂ ಚಿವುಟಿದ ಹಾಗೆ. ಎಪ್ಪತ್ತು ಮೀಟರ್ ಮೋನೋ ಆ ಚಿವುಟನ್ನು ದಾರಿಯಲ್ಲೇ ನುಂಗಿಬಿಡಬಹುದು. ಬ್ರೇಡ್ ಅದನ್ನು ಕೋಲಿನ ತುದಿಗೆ ಮುಟ್ಟಿಸುತ್ತದೆ. (ಜೊತೆಗೆ ಪ್ರತಿ ತೆರೆಯ ಏಟನ್ನೂ ಮುಟ್ಟಿಸುತ್ತದೆ. ಯಾವುದು ಮೀನು, ಯಾವುದು ತೆರೆ ಎಂದು ಬೇರ್ಪಡಿಸುವ ಕೆಲಸ ಕೈಗೆ ಬಿಟ್ಟದ್ದು.)

ಕಾಪು ದೀಪಸ್ತಂಭದ ಬುಡದ ಬಂಡೆ, ಉಳ್ಳಾಲದ ಕಲ್ಲಿನ ತಡೆಗೋಡೆ ಇವುಗಳ ಕಥೆ ಬೇರೆ. ಮುರು, ಕೆಂಬೇರಿಯಂಥವು ಕಲ್ಲಿನ ಆಸರೆಯ ಮೀನುಗಳು. ಗಾಳ ಚುಚ್ಚಿದ ಕೂಡಲೇ ಸಂದಿಗೆ ನುಗ್ಗುತ್ತವೆ. ಬ್ರೇಡಿನ ತುದಿಯನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ: ಒಂದೊಂದು ಎಳೆಯಲ್ಲೂ ಕೂದಲಿಗಿಂತ ನವಿರಾದ ನೂಲುಗಳ ಗೊಂಚಲು. ನೇರ ಎಳೆತಕ್ಕೆ ಅದರಷ್ಟು ಗಟ್ಟಿ ದಾರ ಇನ್ನೊಂದಿಲ್ಲ. ಆದರೆ ಬಿಗಿದು ನಿಂತಾಗ ಬಂಡೆಗಂಟಿದ ಸಿಂಪಿಯ ಅಂಚು ತಗುಲಿತೋ, ಕೆಲವು ನೂಲು ಕಡಿದು ಭಾರವೆಲ್ಲ ಮಿಕ್ಕವುಗಳ ಮೇಲೆ ಬಿದ್ದು ಪಟ್ಟೆಂದು ಹೋಗುತ್ತದೆ. ಮೋನೋದ್ದು ಇಡಿಯಾದ ಮೈ. ಮೇಲ್ಮೈ ಕೆರೆದುಹೋದರೂ ತಿರುಳು ಉಳಿದಿರುತ್ತದೆ. ಆ ಕೆರೆತವನ್ನು ಉಗುರೇ ಹೇಳುತ್ತದೆ. ಕೊನೆಯ ನಾಲ್ಕು ಮಾರು ದಾರವನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಹಾಯಿಸಿದರೆ ಗೀರಿದ್ದಲ್ಲಿ ತಡೆಯುತ್ತದೆ. ಅಷ್ಟನ್ನು ಕತ್ತರಿಸಿ, ಕಡಲಿಗೆಸೆಯದೆ ಚೀಲಕ್ಕೆ ಹಾಕಿಕೊಂಡು, ಹೊಸ ಗಂಟು ಹಾಕಿದರಾಯಿತು. ಬ್ರೇಡ್ ಸವೆದಾಗ ಬರೀ ಜುಂಗೇಳುತ್ತದೆ. ಒಳಗೆಷ್ಟು ಬಲ ಉಳಿದಿದೆ ಎಂದು ಆ ಜುಂಗು ನೋಡಿ ಹೇಳಲಾಗದು.

ಬ್ರೇಡಿನ ತುದಿಗೆ ಲೀಡರ್, ಅಂದರೆ ದಪ್ಪ ಮೋನೋದ ತುಂಡೊಂದನ್ನು, ಕಟ್ಟಿದರೆ ತಕರಾರೇ ಮುಗಿಯಿತಲ್ಲ ಎನ್ನುವವರಿದ್ದಾರೆ. ಮರಳಿನಲ್ಲಿ ಸರಿ. ಬಲವಾಗಿ ಬೀಸುವವರು ಒಂದು ಔನ್ಸ್ ಸೀಸಕ್ಕೆ 10 ಪೌಂಡಿನ ಲೀಡರ್ ಎಂಬ ಲೆಕ್ಕ ಹಿಡಿಯುತ್ತಾರೆ. 4 ಔನ್ಸಿಗೆ 40 ಪೌಂಡ್. ಆದರೆ ಅದು ಇರುವುದು ಬೀಸಿನ ಜರ್ಕು ತಾಳಲು. ಉದ್ದ ಕೋಲಿನ ಎರಡರಷ್ಟು, ರೀಲಿನ ಮೇಲೆ ನಾಲ್ಕಾರು ಸುತ್ತು, ಅಷ್ಟೇ. ತಡೆಗೋಡೆಯ ಕಲ್ಲುಗಳೋ ನಮ್ಮ ಕಾಲಬುಡದಿಂದಲೇ ಶುರುವಾಗಿ ನೀರಿಗಿಳಿದಿರುತ್ತವೆ. ಮೀನು ನಲವತ್ತು ಮೀಟರ್ ಆಚೆಗಿದ್ದಾಗ ಈಚೆಯ ಕಲ್ಲಿಗೆ ಉಜ್ಜುವುದು ಬ್ರೇಡೇ, ಲೀಡರ್ ಇನ್ನೂ ಮೀನಿನ ಪಕ್ಕದಲ್ಲಿರುತ್ತದೆ. ಲೀಡರನ್ನೇ ಐವತ್ತು ಮೀಟರಿಗೆ ಏರಿಸಿದರೆ? ಆಗ ಮೀನು ಹಿಡಿದದ್ದು ಮೋನೋ. ಬ್ರೇಡ್ ರೀಲಿನೊಳಗೆ ಸುಮ್ಮನೆ ಕೂತಿತ್ತು. ಮೋನೋಗೆ ಸುರುಳಿಯ ಚಾಳಿ ಬಿಡದು, ನೀರು ಕುಡಿದರೆ ಬಲ ತುಸು ತಗ್ಗುತ್ತದೆ, ಬಿಸಿಲಿಗೆ ಹಾಳಾಗುತ್ತದೆ ಎಂಬ ಆಕ್ಷೇಪಗಳೆಲ್ಲ ನಿಜವೇ. ಒಂದಳತೆ ದಪ್ಪದ್ದನ್ನು ತಂದು, ವರ್ಷಕ್ಕೊಮ್ಮೆ ಬದಲಿಸಿದರೆ ಅವು ದೊಡ್ಡ ತೊಂದರೆಯಲ್ಲ. ಅದರ ಬೆಲೆಗೆ ಹಾಗೆ ಮಾಡುವುದು ಯಾರಿಗೂ ಭಾರವಾಗದು.

ಭಾರವಾಗುವುದು ಬ್ರೇಡಿನ ಬೆಲೆ. ಮರಳು ದಡದವರೂ ಅದನ್ನು ರೀಲಿನ ತಳದಿಂದ ತುಂಬಬೇಕಿಲ್ಲ. ಮೊದಲು ಅಗ್ಗದ ಮೋನೋ ಒಂದಿಷ್ಟು ಸುತ್ತಿ, ಅದರ ಮೇಲೆ 200 ಮೀಟರ್ ಬ್ರೇಡ್ ಕಟ್ಟಿದರೆ ಸಾಕು. ನುಣುಪಾದ ಬ್ರೇಡ್ ಬರೀ ಲೋಹದ ಮೇಲೆ ಜಾರಿ ಸುತ್ತುವುದೂ ತಪ್ಪುತ್ತದೆ. ಎಸೆದು ಎಸೆದು ಸವೆಯುವುದು ಹೊರಗಿನ ಅರ್ಧ ಮಾತ್ರ. ಅದಕ್ಕೆ ಜುಂಗೆದ್ದಾಗ ಇಡೀ ಬ್ರೇಡನ್ನು ಇನ್ನೊಂದು ರೀಲಿಗೆ ಬಿಚ್ಚಿ ತುದಿ ಬದಲಿಸಿ ಸುತ್ತಿಕೊಂಡರೆ, ಒಳಗೆ ನೀರನ್ನೇ ಕಾಣದೆ ಕೂತಿದ್ದ ನೂರು ಮೀಟರ್ ಮೇಲಕ್ಕೆ ಬರುತ್ತದೆ.